ಚಿಕ್ಕ ಮನೆಗೆ ನೆಲ, ನಿಯಮ ಮತ್ತು ಮೇಸ್ತ್ರಿ
ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರು, ಸಿಬ್ಬಂದಿ ಮತ್ತು ಮನೆ ಕಟ್ಟುವವರಿಗಾಗಿ ಅಧ್ಯಯನ ಲೇಖನ

ಒಂದು ಕೋಣೆ, ಅಡುಗೆಮನೆ, ಬಚ್ಚಲು, ಮುಂದೊಂದು ಜಗಲಿ. ಇಷ್ಟೇ ಅಳತೆಯ ಮನೆಗೂ ಪರವಾನಗಿ ಬೇಕೇ ಎಂಬ ಪ್ರಶ್ನೆ ಮಲೆನಾಡಿನ ಗ್ರಾಮ ಪಂಚಾಯಿತಿಗಳಿಗೆ ಹೊಸದಲ್ಲ. ಕೇಳುವವರು ಮಾತ್ರ ಬದಲಾಗಿದ್ದಾರೆ. ಹಿಂದೆ ಕೇಳುತ್ತಿದ್ದವರು ಕೂಲಿಲೈನಿನಿಂದ ಹೊರಬಂದು ಸ್ವಂತ ಸೂರು ಬಯಸಿದ ತೋಟದ ಕಾರ್ಮಿಕರು. ಅಣ್ಣತಮ್ಮಂದಿರ ಪಾಲಾದ ಮೇಲೆ ಬೇರೆ ಒಲೆ ಹೂಡಿದವರು. ಇಂದು ಅವರ ಜೊತೆಗೆ ಊರಿಗೆ ಮರಳುವ ನಿವೃತ್ತರು, ತೋಟದ ಮೂಲೆಯಲ್ಲಿ ಪ್ರವಾಸಿಗರಿಗಾಗಿ ಪುಟ್ಟ ಕಾಟೇಜು ಕಟ್ಟಬಯಸುವವರು ಮತ್ತು 2020ರ ತಿದ್ದುಪಡಿಯಿಂದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ರದ್ದಾದ ಬಳಿಕ ಕೃಷಿ ಜಮೀನು ಕೊಂಡ ನಗರವಾಸಿಗಳೂ ಸೇರಿದ್ದಾರೆ.

ಎಲ್ಲರಿಗೂ ಉತ್ತರ ಒಂದೇ. ಮನೆ ಚಿಕ್ಕದಾದ ಮಾತ್ರಕ್ಕೆ ನಿಯಮ ಚಿಕ್ಕದಾಗುವುದಿಲ್ಲ. ಕಾಯ್ದೆಯು ಮನೆಯ ಗಾತ್ರಕ್ಕಿಂತ ಮೊದಲು ನೆಲದ ಸ್ವರೂಪವನ್ನು ನೋಡುತ್ತದೆ, ಮಳೆಯೂ ಹಾಗೆಯೇ. ಮೇಸ್ತ್ರಿಗೆ ಮುಂಗಡ ಕೊಟ್ಟ ಮೇಲೆ ಪಹಣಿ ತೆಗೆಸುವ ರೂಢಿ ಈ ಮೂರು ತಾಲ್ಲೂಕುಗಳಲ್ಲಿ ಇನ್ನೂ ಉಳಿದಿದೆ. ಕ್ರಮ ತಿರುಗುಮುರುಗಾದಾಗ ಅರ್ಧಕ್ಕೆ ನಿಂತ ಗೋಡೆಯೊಂದೇ ಮಾಲೀಕರ ಪಾಲಿಗೆ ಉಳಿಯುತ್ತದೆ.

ಚಿಕ್ಕ ಮನೆ ಎಂದರೆ ಎಷ್ಟು ಚಿಕ್ಕದು

ಅಮೆರಿಕದಲ್ಲಿ ಬಳಕೆಯಲ್ಲಿರುವ ವಸತಿ ಕಟ್ಟಡ ಸಂಹಿತೆಯು 2018ರ ಆವೃತ್ತಿಯಲ್ಲಿ ಅಟ್ಟವನ್ನು ಬಿಟ್ಟು 400 ಚದರ ಅಡಿಯೊಳಗಿನ ಮನೆಯನ್ನು ‘ಪುಟ್ಟ ಮನೆ’ ಎಂದು ಗುರುತಿಸಿ, ಅದಕ್ಕೆಂದೇ ಪ್ರತ್ಯೇಕ ಅನುಬಂಧವನ್ನು ಸೇರಿಸಿತು. ನಮ್ಮಲ್ಲಿ ಅದಕ್ಕಿಂತ ಚಿಕ್ಕ ಮನೆ ಸರ್ಕಾರಿ ವಸತಿ ಯೋಜನೆಯ ಸಾಮಾನ್ಯ ಅಳತೆಯೇ ಆಗಿದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಅಡುಗೆ ಸ್ಥಳವೂ ಸೇರಿ ಕನಿಷ್ಠ 25 ಚದರ ಮೀಟರ್, ಎಂದರೆ ಸುಮಾರು 269 ಚದರ ಅಡಿಯನ್ನು ನಿಗದಿಪಡಿಸಿದೆ. ಈ ಅಂಕಿಗೆ ಒಂದು ಲೆಕ್ಕವನ್ನೂ ಕಾಣಬಹುದು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಕನಿಷ್ಠ ಅಳತೆಗಳಂತೆ ವಾಸದ ಕೋಣೆಗೆ 9.5 ಚದರ ಮೀಟರ್, ಎರಡನೆಯ ಕೋಣೆಗೆ 7.5, ಅಡುಗೆಮನೆಗೆ 5, ಸ್ನಾನಗೃಹಕ್ಕೆ 1.8, ಶೌಚಾಲಯಕ್ಕೆ 1.1 ಎಂದು ಕೂಡಿಸಿದರೆ ಗೋಡೆಯ ದಪ್ಪವನ್ನು ಬಿಟ್ಟು ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಅದಕ್ಕಿಂತ ಕೆಳಗೆ ಇಳಿದಾಗ ಉಳಿತಾಯಕ್ಕಿಂತ ಉಸಿರುಕಟ್ಟುವುದೇ ಹೆಚ್ಚು. ಆರು ತಿಂಗಳು ಬಟ್ಟೆ ಒಣಗದ ಊರಿನಲ್ಲಿ ಜಗಲಿಯನ್ನು ಕೈಬಿಟ್ಟು ಅಳತೆ ಇಳಿಸುವುದಂತೂ ವಿವೇಕವಲ್ಲ.

ನೆಲ ಯಾವುದು

ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳು ಒತ್ತಾಗಿ ಗ್ರಾಮಠಾಣಾದೊಳಗಿರುತ್ತವೆ. ಮಲೆನಾಡಿನಲ್ಲಿ ಮನೆಯು ತೋಟವನ್ನು ಹಿಂಬಾಲಿಸುತ್ತದೆ. ಒಂದು ಕಣಿವೆಗೆ ಒಂದು ಮನೆ, ಅರ್ಧ ಮೈಲಿ ಆಚೆ ಇನ್ನೊಂದು. ಆದ್ದರಿಂದ ಇಲ್ಲಿ ಬಹುಪಾಲು ಹೊಸ ಮನೆಗಳ ಪ್ರಶ್ನೆ ಗ್ರಾಮಠಾಣಾದ ಹೊರಗಿನ ಪ್ರಶ್ನೆ. ಅಂಥ ನೆಲದಲ್ಲಿ ಕಟ್ಟಲು ಹೊರಟವರು ಪಹಣಿಯನ್ನು ಮಾಲೀಕರ ಹೆಸರಿನ ಕಲಂನಲ್ಲಿಯೇ ನಿಲ್ಲಿಸದೆ ಪೂರ್ತಿ ಓದಬೇಕು. ವಿಸ್ತೀರ್ಣದ ಜೊತೆ ನಮೂದಾಗಿರುವ ಖರಾಬಿನಲ್ಲಿ ‘ಎ’ ಖರಾಬು ಸಾಗುವಳಿಗೆ ಒದಗದ ನೆಲ. ‘ಬಿ’ ಖರಾಬು ಹಳ್ಳ, ದಾರಿ ಮುಂತಾದ ಸಾರ್ವಜನಿಕ ಬಳಕೆಗೆ ಮೀಸಲಾದ ನೆಲ. ‘ಬಿ’ ಖರಾಬಿನ ಮೇಲೆ ಕಟ್ಟಿದ ಮನೆ ಎಷ್ಟೇ ಚಿಕ್ಕದಾಗಿರಲಿ, ಒತ್ತುವರಿಯೇ. ಹಕ್ಕು ಮತ್ತು ಋಣಗಳನ್ನು ನಮೂದಿಸುವ 11ನೆಯ ಕಲಂನಲ್ಲಿ ಬ್ಯಾಂಕಿನ ಸಾಲ, ಮಂಜೂರಾತಿಯ ಷರತ್ತು, ನ್ಯಾಯಾಲಯದ ತಡೆ ಇವು ಕಾಣಸಿಗುತ್ತವೆ.

ಅಡಿಕೆ ತೋಟದ ಮೇಲಣ ಸೊಪ್ಪಿನಬೆಟ್ಟ ಮತ್ತು ಕಾನು ಈ ಭಾಗದಲ್ಲಿ ಅತ್ಯಂತ ಹೆಚ್ಚು ತಪ್ಪು ತಿಳಿವಳಿಕೆಗೆ ಒಳಗಾದ ನೆಲ. ತಲೆಮಾರುಗಳಿಂದ ದರಗು, ಸೊಪ್ಪು ತರುತ್ತಿರುವ ಕುಟುಂಬಕ್ಕೆ ಅದು ತನ್ನದೇ ಎನಿಸುವುದು ಸಹಜ. ಆದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೆಯ ಕಲಂ ಇವನ್ನು ಕರಾವಳಿಯ ಕುಮ್ಕಿ, ಕೊಡಗಿನ ಬಾಣೆಗಳ ಸಾಲಿನಲ್ಲಿಟ್ಟು, ಅನುಭವದ ಸೌಲಭ್ಯವನ್ನು ಮಾತ್ರ ಉಳಿಸಿದೆ. ಸೌಲಭ್ಯ ಒಡೆತನವಲ್ಲ. ತೋಟ ಮಾರುವವರು ‘ಬೆಟ್ಟವೂ ಸೇರಿದೆ’ ಎಂದು ಬಾಯಿಮಾತಿನಲ್ಲಿ ಹೇಳಿದ ನೆಲದಲ್ಲಿ, ನೋಟ ಚೆನ್ನಾಗಿದೆಯೆಂದು ಮನೆ ಕಟ್ಟಿಸಿದವರ ಹಣಕ್ಕೆ ಯಾವ ರಕ್ಷಣೆಯೂ ಇಲ್ಲ.

ಅರಣ್ಯದ ಗಡಿಯದು ಇನ್ನೂ ಸೂಕ್ಷ್ಮ ವಿಷಯ. ಶೃಂಗೇರಿ ತಾಲ್ಲೂಕಿಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ನರಸಿಂಹರಾಜಪುರ ತಾಲ್ಲೂಕಿಗೆ ಭದ್ರಾ ಅಭಯಾರಣ್ಯ ತಾಗಿಕೊಂಡಿವೆ. ಇವುಗಳಲ್ಲದೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೆಯ ಕಲಂನಡಿ ಅಧಿಸೂಚನೆಯಾಗಿ, 17ನೆಯ ಕಲಂನ ಅಂತಿಮ ಘೋಷಣೆಗೆ ಕಾದಿರುವ ಪ್ರದೇಶಗಳುಂಟು. ಅಂಥಲ್ಲಿ ಕಂದಾಯ ದಾಖಲೆ ಒಂದು ಹೇಳಿದರೆ ಅರಣ್ಯ ನಕ್ಷೆ ಇನ್ನೊಂದು ಹೇಳಬಹುದು. ಸಂಶಯವಿದ್ದಲ್ಲಿ ಸರ್ವೆ ನಂಬರನ್ನು ಉಲ್ಲೇಖಿಸಿ ವಲಯ ಅರಣ್ಯಾಧಿಕಾರಿಗಳಿಂದ ಲಿಖಿತ ಅಭಿಪ್ರಾಯ ಪಡೆಯುವುದು ವಿಳಂಬವೆನಿಸಿದರೂ ಅದೇ ಕ್ಷೇಮ.

ಭದ್ರಾ ಹಿನ್ನೀರಿನ ಅಂಚಿನಲ್ಲಿ ಬೇಸಗೆಯಲ್ಲಿ ತೆರೆದುಕೊಳ್ಳುವ ಹಸುರು ನೆಲವೂ ಖಾಲಿ ನೆಲವಲ್ಲ. ಅದು ಜಲಾಶಯಕ್ಕಾಗಿ ಸ್ವಾಧೀನವಾದ ನೆಲ. ಲಕ್ಕವಳ್ಳಿಯ ಅಣೆಕಟ್ಟು ತುಂಬಿದ ವರ್ಷ ನೀರು ತನ್ನ ಗಡಿಯನ್ನು ತಾನೇ ತೋರಿಸುತ್ತದೆ.

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯ ಬಗ್ಗೆ ಹಳ್ಳಿಗಳಲ್ಲಿ ಭಯ ಹರಡಿದೆ. 2014ರ ಮಾರ್ಚ್‌ನಿಂದ 2024ರ ಜುಲೈವರೆಗೆ ಮತ್ತೆ ಮತ್ತೆ ಹೊರಬಿದ್ದ ಈ ಕರಡುಗಳು ನಿಷೇಧಿಸಲು ಹೊರಟಿರುವುದು 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲಿನ ಕಟ್ಟಡ ಯೋಜನೆಗಳನ್ನು. 25 ಚದರ ಮೀಟರಿನ ಮನೆ ಆ ಮಿತಿಯ ಎಂಟುನೂರನೆಯ ಒಂದು ಭಾಗ. ಈಗಿರುವ ವಾಸದ ಮನೆಗಳ ದುರಸ್ತಿ, ವಿಸ್ತರಣೆಗಳಿಗೆ ಅವಕಾಶವನ್ನೂ ಕರಡು ಉಳಿಸಿದೆ. ಕರಡಿನ ಮೇಲಿನ ಇತರ ಚರ್ಚೆಗಳು ಬೇರೆ. ‘ಅಧಿಸೂಚನೆ ಬಂದರೆ ಮನೆ ಕಟ್ಟುವಂತಿಲ್ಲ’ ಎಂದು ಹೆದರಿಸಿ ಅವಸರದಿಂದ ಪಾಯ ಹಾಕಿಸುವವರ ಮಾತಿಗೆ ಅದರಲ್ಲಿ ಆಧಾರವಿಲ್ಲ.

ಭೂಪರಿವರ್ತನೆ ಯಾರಿಗೆ ಬೇಕು, ಯಾರಿಗೆ ಬೇಡ

ಭೂಕಂದಾಯ ಕಾಯ್ದೆಯ 95ನೆಯ ಕಲಂನ ಮೊದಲ ಉಪಕಲಂ ಕೃಷಿಕನಿಗೆ ತನ್ನ ಜಮೀನಿನಲ್ಲಿ ಸಾಗುವಳಿಯ ಅನುಕೂಲಕ್ಕಾಗಿ ತೋಟದ ಮನೆ ಕಟ್ಟಿಕೊಳ್ಳುವ ಹಕ್ಕನ್ನು ನೀಡಿದೆ. ಅದು ಹಿಡುವಳಿಯ ಶೇಕಡ 10ನ್ನು, ಹಾಗೂ ನಿಯಮಗಳು ಗೊತ್ತುಪಡಿಸಿದ ಗರಿಷ್ಠ ವಿಸ್ತೀರ್ಣವನ್ನು ಮೀರಕೂಡದು. ಎರಡು ಎಕರೆ ಅಡಿಕೆ ತೋಟವಿದ್ದು ಅದರಲ್ಲಿಯೇ ದುಡಿಯುವ ಕುಟುಂಬಕ್ಕೆ ಚಿಕ್ಕ ಮನೆಯ ಅತ್ಯಂತ ಸರಳ ಮಾರ್ಗ ಇದೇ. ಕೃಷಿಗೆ ಸಂಬಂಧಪಡದ ವಾಸಕ್ಕೆ, ನಿವೇಶನವಾಗಿ ಮಾರುವುದಕ್ಕೆ, ಬಾಡಿಗೆಗೆ ಕೊಡುವ ಕಾಟೇಜಿಗೆ ಈ ವಿನಾಯಿತಿ ಅನ್ವಯಿಸದು, ಭೂಪರಿವರ್ತನೆ ಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಬೇರ್ಪಡಿಸುವಾಗ 11ಇ ನಕ್ಷೆ ಮೊದಲು ಆಗಬೇಕು. ಪರಿವರ್ತನೆಯಿಲ್ಲದೆ ಬಳಕೆ ಬದಲಿಸಿದರೆ 96ನೆಯ ಕಲಂ ದಂಡವನ್ನು ವಿಧಿಸುತ್ತದೆ.

ಚಕ್ರದ ಮೇಲೆ ನಿಲ್ಲಿಸಿದ ಮನೆ, ಹಳೆಯ ಸರಕು ಕಂಟೇನರನ್ನು ಮಾರ್ಪಡಿಸಿದ ಮನೆ, ಬೋಲ್ಟು ಬಿಗಿದ ಕಬ್ಬಿಣದ ಕ್ಯಾಬಿನ್ ಇವು ‘ಕಟ್ಟಡವೇ ಅಲ್ಲ, ಪರವಾನಗಿ ಬೇಡ’ ಎಂದು ಮಾರಾಟಗಾರರು ಹೇಳುವುದುಂಟು. ಪಂಚಾಯತ್ ರಾಜ್ ಕಾಯ್ದೆಯಲ್ಲಿ ಕಟ್ಟಡ ಎಂಬ ಪದ ಗುಡಿಸಲು, ಷೆಡ್ಡುಗಳನ್ನೂ ಒಳಗೊಳ್ಳುವಷ್ಟು ವಿಶಾಲವಾದುದು. ಕಲ್ಲೋ ಮಣ್ಣೋ ಮರವೋ ಲೋಹವೋ ಎಂಬ ಭೇದ ಅಲ್ಲಿಲ್ಲ. ಪರಿವರ್ತನೆಯ ಪ್ರಶ್ನೆಯಲ್ಲಂತೂ ಪರಿಗಣನೆಗೆ ಬರುವುದು ನೆಲದ ಬಳಕೆ. ಜನ ವಾಸಿಸುವ ಡಬ್ಬಿಗೆ ಚಕ್ರವಿದ್ದರೂ ಅದರ ಕೆಳಗಿನ ನೆಲ ಕದಲುವುದಿಲ್ಲ.

ಮಂಜೂರಾದ ಜಮೀನಿನ ಮೂಲೆಯೊಂದನ್ನು ಕೊಳ್ಳುವವರು ಪರಭಾರೆ ನಿಷೇಧದ ಅವಧಿಯನ್ನು ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿ 1978ರ ಪರಭಾರೆ ನಿಷೇಧ ಕಾಯ್ದೆಗೆ ಒಳಪಟ್ಟಿದ್ದು, ಸರ್ಕಾರದ ಅನುಮತಿಯಿಲ್ಲದ ಕ್ರಯ ನಿಲ್ಲುವುದಿಲ್ಲ. ಇನ್ನು 94ಸಿ ಕಲಂನ ಹೆಸರು ಹೇಳಿ ‘ಈಗ ಕಟ್ಟಿ, ಮುಂದೆ ಸಕ್ರಮವಾಗುತ್ತದೆ’ ಎನ್ನುವ ಸಲಹೆ ಅಪಾಯಕಾರಿ. ಆ ಕಲಂ ಕಾಯ್ದೆ ಗೊತ್ತುಪಡಿಸಿದ ದಿನಾಂಕಕ್ಕೆ ಮೊದಲೇ ಸರ್ಕಾರಿ ಜಮೀನಿನಲ್ಲಿ ಕಟ್ಟಿದ್ದ ವಾಸದ ಮನೆಗಳಿಗೆ ಸಂಬಂಧಿಸಿದ್ದು. ನಾಳೆ ಕಟ್ಟುವ ಮನೆಗಲ್ಲ.

ಪಂಚಾಯಿತಿಯ ಪರವಾನಗಿ

ನೆಲದ ಸ್ವರೂಪ ಇತ್ಯರ್ಥವಾದ ಮೇಲೆ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ 64ನೆಯ ಕಲಂನಡಿ ಗ್ರಾಮ ಪಂಚಾಯಿತಿಯ ಅನುಮತಿ ಪಡೆಯಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಪಟ್ಟಣ ಪಂಚಾಯಿತಿಗಳ ಎಲ್ಲೆಯೊಳಗೆ 1964ರ ಪುರಸಭೆಗಳ ಕಾಯ್ದೆ ಅನ್ವಯಿಸುತ್ತದೆ. ಬಡಾವಣೆಯ ನಿವೇಶನವಾದರೆ ವಿನ್ಯಾಸಕ್ಕೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಅನುಮೋದನೆ ಇದೆಯೇ ಎಂಬುದನ್ನು ನಿವೇಶನ ಕೊಳ್ಳುವ ಮೊದಲೇ ಕೇಳಬೇಕು. ರಸ್ತೆಬದಿಯ ನೆಲ, ಅದರಲ್ಲಿಯೂ ಶೃಂಗೇರಿಯ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 169ರ ಪಕ್ಕದ ನೆಲವಾದರೆ ಹೆದ್ದಾರಿಯ ಕಟ್ಟಡ ರೇಖೆಯನ್ನು ಗುರುತು ಮಾಡಿಸಿಕೊಳ್ಳುವುದು ಅಗತ್ಯ.

ಇ-ಸ್ವತ್ತು ತಂತ್ರಾಂಶದ ನಮೂನೆಗಳ ಬಗೆಗೂ ಒಂದು ಮಾತು ಹೇಳಬೇಕು. ನಮೂನೆ 9 ಮತ್ತು 11ಎ ಕ್ರಮಬದ್ಧ ಸ್ವತ್ತಿಗೆ ನೀಡುವಂಥವು. ಆ ವರ್ಗಕ್ಕೆ ಸೇರದ ಸ್ವತ್ತುಗಳನ್ನು ತೆರಿಗೆಗಾಗಿ ದಾಖಲಿಸಲು 11ಬಿ ಬಂದಿತು. ತೆರಿಗೆ ರಸೀದಿ ಕೈಯಲ್ಲಿದೆಯೆಂದರೆ ಮನೆ ಸಕ್ರಮವಾಯಿತೆಂದು ಅರ್ಥವಲ್ಲ. ಸಾಲ ಕೇಳಲು ಬ್ಯಾಂಕಿಗೆ ಹೋದ ದಿನ ಈ ವ್ಯತ್ಯಾಸ ಅನೇಕರಿಗೆ ಮೊದಲ ಬಾರಿಗೆ ತಿಳಿಯುತ್ತದೆ. ಅದನ್ನು ಪಂಚಾಯಿತಿ ಕಚೇರಿಯಲ್ಲಿಯೇ ತಿಳಿಸುವುದು ಮೇಲು.

ಧರೆ

ಕಾಯ್ದೆ ಒಪ್ಪಿದ ನೆಲವನ್ನು ಗುಡ್ಡವೂ ಒಪ್ಪಬೇಕು. 2019ರ ಆಗಸ್ಟ್ ಮಳೆಯಲ್ಲಿ ನೆರೆಯ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಿಗೆ ಆದದ್ದನ್ನು ಜಿಲ್ಲೆ ಮರೆತಿಲ್ಲ. ಅಷ್ಟು ದೊಡ್ಡ ಭೂಕುಸಿತದ ಮಾತಿರಲಿ. ಮನೆಯ ಹಿಂದಿನ ಧರೆ ಜಾರಿ ಅಡುಗೆಮನೆಯ ಗೋಡೆಯನ್ನು ಒಳದೂಡುವುದು ಪ್ರತಿ ಮಳೆಗಾಲದ ಸುದ್ದಿ. ಜೆಸಿಬಿ ಯಂತ್ರ ಬಂದ ಮೇಲೆ ನೆಟ್ಟಗೆ ಧರೆ ಕಡಿಯುವುದು ಅರ್ಧ ದಿನದ ಕೆಲಸವಾಗಿದೆ.

ಮನೆ ಚಿಕ್ಕದಾದುದರ ನಿಜವಾದ ಲಾಭ ಇಲ್ಲಿದೆ. ಮೂರು ಅಡಿಗೆ ಒಂದು ಅಡಿ ಏರುವ ಇಳಿಜಾರಿನಲ್ಲಿ 30 ಅಡಿ ಅಗಲದ ಸಮತಟ್ಟು ಬೇಕೆಂದರೆ ಹಿಂಬದಿಗೆ 10 ಅಡಿ ಎತ್ತರದ ಧರೆ ನಿಲ್ಲುತ್ತದೆ. 15 ಅಡಿ ಸಾಕೆಂದರೆ ಧರೆ 5 ಅಡಿ. ಎತ್ತರ ಅರ್ಧವಾಗುತ್ತದೆ, ಕಡಿದು ತೆಗೆಯುವ ಮಣ್ಣು ಮಾತ್ರ ಪ್ರತಿ ಅಡಿ ಉದ್ದಕ್ಕೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ 270 ಚದರ ಅಡಿಯ ಮನೆಯನ್ನು ಚೌಕವಾಗಿ ಕಟ್ಟುವ ಬದಲು ಗುಡ್ಡದ ಅಡ್ಡಕ್ಕೆ ಉದ್ದವಾಗಿ, 27 ಅಡಿಗೆ 10 ಅಡಿಯಂತೆ ಮಲಗಿಸಿದರೆ ಧರೆಯ ಎತ್ತರ ಆಳೆತ್ತರವನ್ನೂ ಮುಟ್ಟದು. ಗೋಡೆಗೂ ಧರೆಗೂ ನಡುವೆ ಒಬ್ಬರು ಗುದ್ದಲಿ ಹಿಡಿದು ನಡೆದಾಡುವಷ್ಟು ತೆರವು, ಧರೆಯ ತಲೆಯ ಮೇಲೆ ನೀರು ತಿರುಗಿಸುವ ಚರಂಡಿ ಇರಬೇಕು. ಕಡಿದ ಮಣ್ಣನ್ನು ಮುಂದಕ್ಕೆ ಚೆಲ್ಲಿ ಆ ಸಡಿಲ ಮಣ್ಣಿನ ಮೇಲೆಯೇ ಪಾಯ ಹಾಕುವ ಪದ್ಧತಿಯನ್ನು ಪರವಾನಗಿ ನೀಡುವ ಹಂತದಲ್ಲಿಯೇ ತಡೆಯಬೇಕು. ಸ್ಥಳ ತನಿಖೆಗೆ ಹೋದ ಸಿಬ್ಬಂದಿ ನಿವೇಶನದ ಅಳತೆಯೊಂದಿಗೆ ಧರೆಯ ಎತ್ತರವನ್ನೂ ಬರೆದುಕೊಂಡು ಬರುವುದು ಒಳ್ಳೆಯ ರೂಢಿ.

ಮೇಸ್ತ್ರಿಯನ್ನು ಹುಡುಕುವುದು

ಚಿಕ್ಕ ಮನೆಗೆ ಗುತ್ತಿಗೆದಾರರು ಒಲಿಯುವುದಿಲ್ಲ. ಲಾಭ ಕಡಿಮೆ, ದಾರಿ ದೂರ, ಸಾಮಾನು ಸಾಗಿಸುವ ಖರ್ಚು ದೊಡ್ಡ ಮನೆಯಷ್ಟೇ. ಅದರ ಮೇಲೆ ಕಾಲದ ತೊಡಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಶೃಂಗೇರಿಯಂಥ ಕಡೆ ಗೋಡೆ ಏಳುವುದು ದೀಪಾವಳಿಯ ನಂತರವೇ. ಅಡಿಕೆ ಕೊಯ್ಲು, ಸುಲಿತ, ಕಾಫಿ ಹಣ್ಣಿನ ಕೊಯ್ಲು ಎಲ್ಲವೂ ಬರುವುದು ಅದೇ ತಿಂಗಳುಗಳಲ್ಲಿ. ಗಾರೆ ಕೆಲಸಕ್ಕೆ ಕೈಯಾಳು ಬೇಕಾದ ಹೊತ್ತಿಗೆ ತೋಟವೂ ಅವರನ್ನೇ ಕರೆಯುತ್ತದೆ. ಆದ್ದರಿಂದ ಮೇಸ್ತ್ರಿಯೊಡನೆ ಮಾತುಕತೆ ಆಷಾಢದ ಮಳೆಯಲ್ಲಿ, ಕೆಲಸವಿಲ್ಲದ ದಿನಗಳಲ್ಲಿ ಮುಗಿಯಬೇಕು. ಕಲ್ಲು, ಮರಳು ಜನವರಿಯೊಳಗೆ ಸ್ಥಳಕ್ಕೆ ಬಂದು, ಏಪ್ರಿಲಿನ ಗುಡುಗುಮಳೆಗೆ ಮೊದಲು ಮಾಡು ಏರಬೇಕು. ನರಸಿಂಹರಾಜಪುರದ ಪೂರ್ವ ಭಾಗದಲ್ಲಿ ಮಳೆ ಇದಕ್ಕಿಂತ ಬಹಳ ಕಡಿಮೆಯಾದ್ದರಿಂದ ಕೆಲವು ವಾರಗಳ ಸಡಿಲ ಸಿಗುತ್ತದೆ.

ಯಾರನ್ನು ಕೇಳುವುದು? ಜಿಲ್ಲಾ ನಿರ್ಮಿತಿ ಕೇಂದ್ರ ಒಂದು ದಾರಿ. 1980ರ ದಶಕದಲ್ಲಿ ಕೇರಳದ ಕೊಲ್ಲಂನಲ್ಲಿ ಮೊಳೆತ ಈ ಕಲ್ಪನೆಯ ಉದ್ದೇಶವೇ ಕಡಿಮೆ ವೆಚ್ಚದ ಕಟ್ಟಡ ತಂತ್ರವನ್ನು ಮೇಸ್ತ್ರಿಗಳಿಗೆ ಕಲಿಸುವುದಾಗಿತ್ತು. ಎರಡನೆಯದು, ಆವಾಸ್ ಯೋಜನೆಯಡಿ ನಡೆಯುವ 45 ದಿನಗಳ ಗ್ರಾಮೀಣ ಗಾರೆ ಕೆಲಸಗಾರರ ತರಬೇತಿ. ತರಬೇತಿಯಲ್ಲಿ ಅಭ್ಯಾಸಕ್ಕಾಗಿ ಕಟ್ಟುವುದು ನಿಜವಾದ ಫಲಾನುಭವಿಯ ಮನೆಯನ್ನೇ. ಹೀಗೆ ಕಲಿತವರ ಪಟ್ಟಿಯನ್ನು ಪಂಚಾಯಿತಿ ಸೂಚನಾ ಫಲಕದಲ್ಲಿ ಹಾಕಿದರೆ ಊರಿನವರಿಗೂ ಅವರಿಗೂ ಉಪಕಾರ. ಮೂರನೆಯದು ಎಲ್ಲಕ್ಕಿಂತ ಹಳೆಯದು: ಐದು ಮಳೆಗಾಲ ಕಂಡ ಮನೆಯೊಂದನ್ನು ಹುಡುಕಿ, ಗೋಡೆಯ ಬುಡದ ತೇವ, ಕಿಟಕಿಯ ಮೇಲಿನ ಬಿರುಕು, ಹಂಚಿನ ಸಾಲು ನೋಡಿ, ಆ ಮನೆಯೊಡತಿಯನ್ನು ‘ಯಾರು ಕಟ್ಟಿದ್ದು, ಕರೆದರೆ ಮತ್ತೆ ಬಂದರೇ’ ಎಂದು ಕೇಳುವುದು. ಹೊಸ ಮನೆಯ ಹೊಳಪನ್ನು ನೋಡಿ ಮೇಸ್ತ್ರಿಯನ್ನು ಗೊತ್ತುಮಾಡುವುದಕ್ಕಿಂತ ಇದು ನಂಬಿಕೆಗೆ ಅರ್ಹ.

ಆವಾಸ್ ಯೋಜನೆಯ ಮನೆಯನ್ನು ಗುತ್ತಿಗೆದಾರರಿಗೆ ಒಪ್ಪಿಸುವಂತಿಲ್ಲ. ಫಲಾನುಭವಿಯೇ ಕಟ್ಟಬೇಕು ಅಥವಾ ತನ್ನ ಉಸ್ತುವಾರಿಯಲ್ಲಿ ಕಟ್ಟಿಸಬೇಕು. ಕೇಂದ್ರದ ಚೌಕಟ್ಟಿನಲ್ಲಿ ನೆರವು ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ ರೂಪಾಯಿ. ಕಣ್ಣಿಗೆ ಗುಡ್ಡವೇ ಕಂಡರೂ ಕರ್ನಾಟಕ ಆ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ. ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಮುಂತಾದ ರಾಜ್ಯದ ಯೋಜನೆಗಳನ್ನು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ನಿರ್ವಹಿಸುತ್ತದೆ. ತಳಪಾಯ, ಕಿಟಕಿ ಮಟ್ಟ, ಛಾವಣಿ, ಪೂರ್ಣ ಎಂಬ ಹಂತಗಳ ಛಾಯಾಚಿತ್ರ ದಾಖಲಾದಂತೆ ಹಣ ಬಿಡುಗಡೆಯಾಗುತ್ತದೆ.

ಸರ್ಕಾರದ ನೆರವಿಲ್ಲದೆ ಕಟ್ಟುವವರೂ ಈ ಹಂತದ ಪದ್ಧತಿಯನ್ನೇ ಮೇಸ್ತ್ರಿಯೊಡನೆ ಅನುಸರಿಸಬಹುದು. ಬಿಳಿ ಹಾಳೆಯಲ್ಲಿ ಒಂದು ಪುಟದ ಕರಾರು ಸಾಕು. ಕೂಲಿ ದಿನದ ಲೆಕ್ಕವೋ ಚದರ ಅಡಿಯ ಲೆಕ್ಕವೋ, ಚದರ ಅಡಿಯಾದರೆ ಜಗಲಿ, ಸಜ್ಜಗಳನ್ನು ಹೇಗೆ ಅಳೆಯುವುದು, ಪಾಯದ ಆಳ ಎಷ್ಟು, ಸಾಮಾನು ಯಾರದು, ಮೊದಲ ಮಳೆಗೆ ಸೋರಿದರೆ ಸರಿಪಡಿಸುವವರು ಯಾರು ಎಂಬಿಷ್ಟು ಅದರಲ್ಲಿರಲಿ. ಜಗಳಗಳು ಬಹುತೇಕ ಹುಟ್ಟುವುದು ಜಗಲಿಯ ಅಳತೆಯಲ್ಲಿಯೇ. ಕೊನೆಯ ಕಂತನ್ನು ಮುಂಗಾರು ಒಂದು ತಿಂಗಳು ಸುರಿಯುವವರೆಗೆ ಹಿಡಿದಿಡುವುದಾಗಿ ಮೊದಲೇ ಹೇಳಿ ಬರೆದರೆ ಮೇಸ್ತ್ರಿಗೂ ಬೇಸರವಿರದು.

ಗೋಡೆ, ಮಾಡು, ಗುಂಡಿ

ಜಂಬಿಟ್ಟಿಗೆ ಹತ್ತಿರದಲ್ಲಿ ಸಿಗುವಲ್ಲಿ ಅದಕ್ಕೆ ಸಮನಾದುದಿಲ್ಲ. ಸಿಗದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಪರಿಶೀಲಿಸಬಹುದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಇದನ್ನು ಬೆಳೆಸಿತು. ಮರಳಿನಂಶ ಹೆಚ್ಚಿರುವ ಮಣ್ಣಿಗೆ ಶೇಕಡ 5ರಿಂದ 8ರಷ್ಟು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ, ಸುಡದೆಯೇ, ಮೂರು ವಾರವಾದರೂ ತೇವದಲ್ಲಿಟ್ಟು ಹದಗೊಳಿಸುವ ಇಟ್ಟಿಗೆ ಇದು. ಪಾಯಕ್ಕಾಗಿ ಕಡಿದ ಮಣ್ಣೇ ಗೋಡೆಯಾದರೆ ಲಾರಿ ಬಾಡಿಗೆ ಉಳಿಯುತ್ತದೆ. ತೋಟದೊಳಗಿನ ಕಡಿದಾದ ದಾರಿಯಲ್ಲಿ ಅದು ಸಣ್ಣ ಉಳಿತಾಯವಲ್ಲ. ಆದರೆ ಮಲೆನಾಡಿನಲ್ಲಿ ಈ ಗೋಡೆಗೆ ಎತ್ತರದ ಕಲ್ಲಿನ ಪಾಯ ಹಾಗೂ ಮೂರು ಅಡಿಗೆ ಕಡಿಮೆಯಿಲ್ಲದೆ ಹೊರಚಾಚಿದ ಮಾಡು ಬೇಕೇ ಬೇಕು. ಹಿರಿಯರು ಮಳೆಗಾಲಕ್ಕೆ ಅಡಿಕೆ ಸೋಗೆಯ ತಟ್ಟಿಯನ್ನು ಗೋಡೆಗೆ ಮರೆಯಾಗಿ ಕಟ್ಟುತ್ತಿದ್ದುದು ಇದೇ ಕಾರಣಕ್ಕೆ. ಚಪ್ಪಟೆ ಆರ್‌ಸಿಸಿ ಛಾವಣಿ ಹಾಕಿ ನಾಲ್ಕು ವರ್ಷಕ್ಕೆ ಅದರ ಮೇಲೆ ತಗಡಿನ ಮಾಡು ಕಟ್ಟುವುದು ಎರಡು ಬಾರಿ ಖರ್ಚು. ಇಳಿಜಾರು ಹಂಚಿನ ಮಾಡನ್ನೇ ಮೊದಲು ಆರಿಸಬಹುದು. ಪಕ್ಕಾಸಿಗೆ ಸ್ವಂತ ತೋಟದ ಮರ ಕಡಿಯುವುದಾದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ನೋಡಿ, ಅನುಮತಿ ಬೇಕಾದ ಜಾತಿಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು.

ಶೌಚಾಲಯಕ್ಕೆ ಜೋಡಿ ಗುಂಡಿ ಸಾಕಾಗುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೇರುವುದರಿಂದ ಗುಂಡಿಗಳು ಆಳಕ್ಕಿಂತ ಅಗಲವಾಗಿರುವುದು ಲೇಸು. ಕುಡಿಯುವ ನೀರಿನ ಬಾವಿ ಅಥವಾ ಒರತೆಯಿಂದ ಅವು ಕನಿಷ್ಠ 10 ಮೀಟರ್ ದೂರ, ಇಳಿಜಾರಿನ ಕೆಳಬದಿಗೆ ಇರಬೇಕು. ಕೆಳಗಿನ ಮನೆಯವರ ಬಾವಿಯೂ ಈ ಲೆಕ್ಕಕ್ಕೆ ಸೇರುತ್ತದೆ.

ಮನೆ ಮುಗಿದ ಮೇಲೆ ಪರವಾನಗಿಯ ಪ್ರತಿ, ನಕ್ಷೆ ಮತ್ತು ಛಾಯಾಚಿತ್ರದೊಂದಿಗೆ ಗ್ರಾಮ ಪಂಚಾಯಿತಿಗೆ ಅರ್ಜಿ ಸಲ್ಲಿಸಿ ತೆರಿಗೆ ವಹಿಯಲ್ಲಿ ಹೆಸರು ದಾಖಲಿಸಬೇಕು. ಮನೆಯೊಡತಿಯ ಹೆಸರನ್ನೂ ಸೇರಿಸಿ ಜಂಟಿಯಾಗಿ ದಾಖಲಿಸುವಂತೆ ಆಗಲೇ ಕೋರಬಹುದು. ವಿದ್ಯುತ್ ಸಂಪರ್ಕಕ್ಕೆ ಮೆಸ್ಕಾಂ ಕಚೇರಿಗೆ ಹೋಗುವಾಗ ಇದೇ ಕಾಗದಗಳ ಇನ್ನೊಂದು ಪ್ರತಿ ಬೇಕಾಗುತ್ತದೆ.